ಆ್ಯಪ್ ಕೈಕೊಟ್ಟರೆ ತಪ್ಪು ಯಾರದು? ಬಳಕೆದಾರರನ್ನು ಮುಂದಿಟ್ಟುಕೊಂಡು ಡಿಜಿಟಲ್ ಸೇವೆ ಕಟ್ಟುವ ಹಂತಗಳು

ಪಹಣಿ, ಖಾತೆ, ಪಿಂಚಣಿ, ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್, ಬಸ್ ಟಿಕೆಟ್ ಎಲ್ಲವೂ ಒಂದೊಂದಾಗಿ ಫೋನಿನೊಳಗೆ ಹೋಗಿ ಕುಳಿತ ಮೇಲೆ ನಮ್ಮ ಊರುಗಳಲ್ಲಿ ಒಂದು ದೃಶ್ಯ ತೀರ ಸಾಮಾನ್ಯವಾಗಿಬಿಟ್ಟಿದೆ. ಗ್ರಾಮ ಒನ್ ಕೇಂದ್ರದಲ್ಲೋ ಝೆರಾಕ್ಸ್ ಅಂಗಡಿಯಲ್ಲೋ ಹಿರಿಯರೊಬ್ಬರು ತಮ್ಮ ಫೋನನ್ನು ಅಲ್ಲಿನ ಹುಡುಗನ ಕೈಗೆ ಕೊಟ್ಟು, "ನನಗೆ ಇದೆಲ್ಲ ತಿಳಿಯಲ್ಲಪ್ಪ, ನೀನೇ ಸ್ವಲ್ಪ ಮಾಡಿಕೊಡು" ಎನ್ನುತ್ತಾರೆ. ಓಟಿಪಿ ಬಂದಾಗ ಅದನ್ನೂ ಅವನೇ ಓದಿಕೊಳ್ಳುತ್ತಾನೆ.

ಅವರು ಎಲ್ಲಿ ಸೋತರು ಎಂದು ಹತ್ತಿರ ಹೋಗಿ ನೋಡಿದರೆ ಕಾರಣ ಬಹಳ ಸಣ್ಣದಿರುತ್ತದೆ. ಅರ್ಜಿಯಲ್ಲಿ ಹುಟ್ಟಿದ ದಿನಾಂಕ ಕೇಳಿದೆ. ಬೆರಳಿಟ್ಟೊಡನೆ ಈ ತಿಂಗಳಿನ ಕ್ಯಾಲೆಂಡರ್ ತೆರೆದುಕೊಂಡಿದೆ. ಎಪ್ಪತ್ತು ವರ್ಷದ ವ್ಯಕ್ತಿ ಎಡಬದಿಯ ಬಾಣದ ಗುರುತನ್ನು ಒತ್ತುತ್ತ ಒಂದೊಂದೇ ತಿಂಗಳು ಹಿಂದಕ್ಕೆ ಹೋಗಬೇಕೆಂದರೆ 840 ಬಾರಿ ಒತ್ತಬೇಕು. ಮೇಲಿರುವ ವರ್ಷದ ಅಂಕಿಯನ್ನು ಮುಟ್ಟಿದರೆ ವರ್ಷಗಳ ಪಟ್ಟಿ ತೆರೆಯುತ್ತದೆ ಎಂಬುದನ್ನು ಆ ಪರದೆ ಎಲ್ಲೂ ಹೇಳಿರುವುದಿಲ್ಲ. ದಿನ, ತಿಂಗಳು, ವರ್ಷ ಎಂದು ಮೂರು ಖಾಲಿ ಚೌಕಗಳನ್ನು ಕೊಟ್ಟಿದ್ದರೆ ಎಂಟು ಅಂಕಿ ಒತ್ತುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಬ್ರಿಟನ್ ಸರ್ಕಾರದ ಜಾಲತಾಣವಾದ ಗವ್.ಯುಕೆಯ ವಿನ್ಯಾಸ ಸೂತ್ರಗಳು ಹುಟ್ಟಿದ ದಿನಾಂಕಕ್ಕೆ ಈ ಮೂರು ಚೌಕಗಳನ್ನೇ ಶಿಫಾರಸು ಮಾಡುತ್ತವೆ. ಒಂದು ತಂಡ ಮೂರು ಚೌಕಗಳಿಗೆ ಬಂದು ನಿಂತರೆ ಇನ್ನೊಂದು ತಂಡ ಕ್ಯಾಲೆಂಡರಿನಲ್ಲೇ ಉಳಿಯುವುದೇಕೆ? ಬುದ್ಧಿವಂತಿಕೆಯಲ್ಲಿನ ವ್ಯತ್ಯಾಸ ಇದಕ್ಕೆ ಕಾರಣವಾಗುವುದು ಅಪರೂಪ. ಕೋಡ್ ಬರೆಯುವ ಮೊದಲು ಮತ್ತು ಆಮೇಲೆ ಆ ತಂಡ ಯಾವ ಯಾವ ಹಂತಗಳನ್ನು ದಾಟಿ ಬಂತು ಎಂಬುದರ ಮೇಲೆ ಇದು ನಿಂತಿರುತ್ತದೆ.

ಬಳಕೆದಾರ ಕೇಂದ್ರಿತ ಎಂದರೇನು

ಆ್ಯಪ್, ಜಾಲತಾಣ, ಎಟಿಎಂ ಪರದೆ, ಮೆಟ್ರೊ ನಿಲ್ದಾಣದ ಟಿಕೆಟ್ ಯಂತ್ರ, ಬಟನ್ ಫೋನಿನಲ್ಲಿ ಅಂಕಿ ಒತ್ತಿ ಪಡೆಯುವ ಸೇವೆ ಇವೆಲ್ಲವೂ ಡಿಜಿಟಲ್ ಉತ್ಪನ್ನಗಳೇ. ವಿನ್ಯಾಸ ಎಂದೊಡನೆ ಬಣ್ಣ ಮತ್ತು ಚಿತ್ರ ನೆನಪಾಗುವುದು ಸಹಜವಾದರೂ ಇಲ್ಲಿ ಆ ಪದದ ಅರ್ಥ ಇನ್ನೂ ಅಗಲವಾದದ್ದು: ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕು, ತಪ್ಪು ಒತ್ತಿದರೆ ಏನಾಗಬೇಕು, ನೆಟ್‌ವರ್ಕ್ ಹೋದರೆ ತುಂಬಿದ ಮಾಹಿತಿ ಉಳಿಯಬೇಕೇ ಎಂಬ ತೀರ್ಮಾನಗಳೆಲ್ಲ ವಿನ್ಯಾಸವೇ. ಈ ತೀರ್ಮಾನಗಳನ್ನು ಕಚೇರಿಯೊಳಗಿನ ಊಹೆಯ ಮೇಲೆ ಕೈಗೊಳ್ಳದೆ, ಅದನ್ನು ಬಳಸುವ ಜನರ ಬದುಕನ್ನು ಕಣ್ಣಾರೆ ಕಂಡು, ಅವರ ಕೈಯಲ್ಲಿ ಇಟ್ಟು ಪರೀಕ್ಷಿಸಿ ಕೈಗೊಳ್ಳುವ ಕ್ರಮಕ್ಕೆ ಬಳಕೆದಾರ ಕೇಂದ್ರಿತ ವಿನ್ಯಾಸ ಎಂದು ಹೆಸರು.

ಈ ವಿಚಾರ ಸ್ಮಾರ್ಟ್‌ಫೋನಿಗಿಂತ ಹಳೆಯದು. ಐಬಿಎಂ ಕಂಪನಿಯ ಸಂಶೋಧಕರಾಗಿದ್ದ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ 1985ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮೂರು ಸೂತ್ರಗಳನ್ನು ಹೇಳಿದ್ದರು: ಮೊದಲಿನಿಂದಲೇ ಬಳಕೆದಾರರ ಮೇಲೆ ಗಮನ, ಅವರ ಬಳಕೆಯನ್ನು ಅಳೆದು ನೋಡುವುದು, ಮತ್ತೆ ಮತ್ತೆ ತಿದ್ದುವುದು. 1999ರಲ್ಲಿ ಇದು ಅಂತರರಾಷ್ಟ್ರೀಯ ಮಾನದಂಡವೂ ಆಯಿತು. ಇಂದು ಅದು ಐಎಸ್ಒ 9241-210 ಎಂಬ ಸಂಖ್ಯೆಯಲ್ಲಿ ಚಾಲ್ತಿಯಲ್ಲಿದೆ. ಹಂತಗಳಿಗೆ ಒಬ್ಬೊಬ್ಬರು ಒಂದೊಂದು ಹೆಸರಿಡುತ್ತಾರೆ. ಬ್ರಿಟನ್ ಸರ್ಕಾರ ಅವನ್ನು ಡಿಸ್ಕವರಿ, ಆಲ್ಫಾ, ಬೀಟಾ, ಲೈವ್ ಎಂದು ಕರೆಯುತ್ತದೆ. ಹೆಸರುಗಳಿಗಿಂತ ಅವುಗಳ ಹಿಂದಿನ ಲೆಕ್ಕಾಚಾರ ತಿಳಿದರೆ ಸಾಕು. ಮನೆಯ ನಕ್ಷೆಯಲ್ಲಿ ಬಚ್ಚಲ ಬಾಗಿಲು ತಪ್ಪು ದಿಕ್ಕಿಗೆ ಇದ್ದರೆ ಅಳಿಸಲು ರಬ್ಬರ್ ಸಾಕು. ಗೋಡೆ ಎದ್ದು ಗಾರೆಯಾದ ಮೇಲೆ ಅದೇ ತಪ್ಪಿಗೆ ಸುತ್ತಿಗೆ ಬೇಕು. ತಪ್ಪುಗಳು ರಬ್ಬರಿನಲ್ಲಿ ಅಳಿಯುವಷ್ಟು ಅಗ್ಗವಾಗಿರುವಾಗಲೇ ಅವನ್ನು ಹುಡುಕಿ ತೆಗೆಯುವುದಕ್ಕಾಗಿಯೇ ಈ ಹಂತಗಳಿವೆ.

ಹಂತಗಳನ್ನು ಬರಿಯ ವ್ಯಾಖ್ಯೆಗಳಾಗಿ ಹೇಳುವ ಬದಲು ಒಂದು ನಿಜವಾದ ಉತ್ಪನ್ನದ ಜೊತೆಗೆ ನಡೆಯುವುದು ಅನುಕೂಲ. ಕೆನ್ಯಾದ ಎಂ-ಪೇಸಾ ಅಂಥದ್ದು. ಎಂ ಎಂದರೆ ಮೊಬೈಲ್; ಕಿವಿಗೆ ನಮ್ಮ ಪೈಸೆಯಂತೆಯೇ ಕೇಳುವ ಪೇಸಾ ಎಂಬ ಸ್ವಾಹಿಲಿ ಪದದ ಅರ್ಥ ಹಣ. ನಮ್ಮಲ್ಲಿ ಯುಪಿಐ ಬರುವುದಕ್ಕೆ ಒಂಬತ್ತು ವರ್ಷ ಮೊದಲೇ, ಇಂಟರ್ನೆಟ್ ಇಲ್ಲದ ಬಟನ್ ಫೋನಿನಲ್ಲಿ ಹಣ ಕಳುಹಿಸುವುದನ್ನು ಅದು ಒಂದು ದೇಶಕ್ಕೆ ರೂಢಿ ಮಾಡಿಸಿತು. ಅದು ಹೊರಟದ್ದು ಒಂದು ಕಡೆಗೆ, ಸೇರಿದ್ದು ಇನ್ನೊಂದು ಕಡೆಗೆ ಎಂಬುದೇ ಈ ಕಥೆಯ ಸ್ವಾರಸ್ಯ.

ನೋಡುವ ಹಂತ

ವೊಡಾಫೋನಿನ ನಿಕ್ ಹ್ಯೂಸ್ ಬ್ರಿಟನ್ ಸರ್ಕಾರದ ಅಭಿವೃದ್ಧಿ ನೆರವಿನ ನಿಧಿಗೆ ಒಂದು ಯೋಜನೆಯನ್ನು ಸಲ್ಲಿಸಿದ್ದರು. ಆಗ ಕೆನ್ಯಾದಲ್ಲಿ ಬ್ಯಾಂಕ್ ಖಾತೆ ಇದ್ದವರು ಕಡಿಮೆ, ಮೊಬೈಲ್ ಮಾತ್ರ ವೇಗವಾಗಿ ಹರಡುತ್ತಿತ್ತು. ಬಡವರಿಗೆ ಸಾಲ ಸಿಗುತ್ತಿದ್ದುದು ಕಿರುಸಾಲ ಸಂಸ್ಥೆಗಳಿಂದ: ನಮ್ಮ ಸ್ವಸಹಾಯ ಸಂಘಗಳಂತೆ ಅಲ್ಲಿಯೂ ಗುಂಪುಗಳು ಸಭೆ ಸೇರಿ ಕಂತು ಕಟ್ಟುತ್ತಿದ್ದವು. ಆ ಕಂತನ್ನು ಫೋನಿನಲ್ಲೇ ಕಟ್ಟುವಂತಾದರೆ ನಗದು ಹೊತ್ತು ತಿರುಗುವ ಕಷ್ಟ ತಪ್ಪುತ್ತದೆ ಎಂಬುದು ಮೂಲ ಆಲೋಚನೆ. ಅದನ್ನು ನೆಲಕ್ಕಿಳಿಸಲು 2005ರಲ್ಲಿ ವೊಡಾಫೋನಿನವರೇ ಆದ ಸೂಸಿ ಲೋನಿ ಕೆನ್ಯಾಕ್ಕೆ ಹೋದರು.

ಬಳಸುವವರು ಯಾರು, ಅವರು ಈಗ ಆ ಕೆಲಸವನ್ನು ಹೇಗೆ ಮಾಡಿಕೊಳ್ಳುತ್ತಿದ್ದಾರೆ, ಯಾವ ಪರಿಸ್ಥಿತಿಯಲ್ಲಿ ಮಾಡುತ್ತಾರೆ ಎಂಬುದನ್ನು ಅವರಿರುವ ಜಾಗಕ್ಕೇ ಹೋಗಿ ತಿಳಿಯುವುದು ಮೊದಲ ಹಂತ. ಕೆನ್ಯಾದಲ್ಲಿ ಜನರ ಕೈಯಲ್ಲಿದ್ದುದು ಸಾದಾ ಫೋನು. ಹಾಗಾಗಿ ಸೇವೆಯ ಮೆನು ಸಿಮ್ ಕಾರ್ಡಿನೊಳಗೇ ಕೂರಬೇಕಾಯಿತು. ಬ್ಯಾಂಕಿನ ಶಾಖೆಗಳು ದೂರವಿದ್ದವು, ಆದರೆ ಫೋನಿಗೆ ಕರೆನ್ಸಿ ಹಾಕಿಕೊಡುವ ಅಂಗಡಿಗಳು ಹತ್ತಿರದಲ್ಲೇ ಇದ್ದವು. ಹಣ ತುಂಬುವ, ಬಿಡಿಸುವ ಕೌಂಟರುಗಳಾಗಿ ಆ ಅಂಗಡಿಗಳನ್ನೇ ಆರಿಸಿದರು. ಇಂಥ ತೀರ್ಮಾನಗಳು ಬ್ರಿಟನ್ನಿನ ಕಚೇರಿಯಲ್ಲಿ ಕುಳಿತು ಹೊಳೆಯುವಂಥವಲ್ಲ.

ಕೇಳುವ ಬಗೆಯೂ ಮುಖ್ಯ. "ಇಂಥದ್ದೊಂದು ಆ್ಯಪ್ ಮಾಡಿಕೊಟ್ಟರೆ ಬಳಸುತ್ತೀರಾ?" ಎಂದು ಕೇಳಿದರೆ ನಮ್ಮ ಜನ ದಾಕ್ಷಿಣ್ಯಕ್ಕೆ ಹೌದು ಎಂದೇ ಹೇಳುತ್ತಾರೆ, ಮನೆಗೆ ಬಂದು ಕಾಫಿ ಕುಡಿದವರ ಮುಖದ ಮೇಲೆ ಇಲ್ಲ ಎನ್ನಲಾದೀತೇ? ಆ ಹೌದಿಗೆ ಬೆಲೆಯಿಲ್ಲ. "ಕಳೆದ ಸಲ ಊರಿಗೆ ದುಡ್ಡು ಕಳಿಸಿದ್ದು ಯಾವಾಗ? ಯಾರ ಕೈಯಲ್ಲಿ ಕಳಿಸಿದಿರಿ? ತಲುಪಿತು ಎಂದು ಹೇಗೆ ಗೊತ್ತಾಯಿತು?" ಎಂದು ಕೇಳಿದರೆ ನಡೆದ ಸಂಗತಿ ಹೊರಬರುತ್ತದೆ. ಕೇಳುವುದಕ್ಕಿಂತ ಸುಮ್ಮನೆ ನಿಂತು ನೋಡುವುದು ಕೆಲವೊಮ್ಮೆ ಹೆಚ್ಚು ತಿಳಿಸುತ್ತದೆ. ಸಂಜೆಯ ಹೊತ್ತು ಬಜ್ಜಿ ಅಂಗಡಿಯ ಪಕ್ಕ ಒಂದು ತಾಸು ನಿಂತವರಿಗೆ, ಅಂಗಡಿಯವರ ಎರಡೂ ಕೈ ಕಡಲೆಹಿಟ್ಟಿನಲ್ಲಿರುತ್ತವೆ, ಫೋನು ಜೇಬಿನಲ್ಲಿರುತ್ತದೆ, ಗಿರಾಕಿ ತೋರಿಸುವ ಪರದೆಯನ್ನು ಓದಲು ಪುರುಸೊತ್ತಿರುವುದಿಲ್ಲ ಎಂಬುದು ಕಾಣುತ್ತದೆ. ಅವರಿಗೆ ಬೇಕಾದದ್ದು ಹಣ ಬಂತು ಎಂಬ ಖಾತರಿ ಮಾತ್ರ. ಇಪ್ಪತ್ತು ರೂಪಾಯಿ ಬಂತು ಎಂದು ಕನ್ನಡದಲ್ಲಿ ಕೂಗಿ ಹೇಳುವ ಸೌಂಡ್‌ಬಾಕ್ಸ್ ಆ ಖಾತರಿಯನ್ನು ಕಿವಿಗೇ ಕೊಡುತ್ತದೆ. ನೋಡಬೇಕಾದ ಪರದೆಯೇ ಅದರಲ್ಲಿ ಇಲ್ಲ.

ಬಳಕೆದಾರ ಎಂದರೆ ಒಬ್ಬರಲ್ಲ

ಪರದೆಯನ್ನು ಮುಟ್ಟುವವರು ಮಾತ್ರ ಬಳಕೆದಾರರು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಇದಕ್ಕೆ ಕರ್ನಾಟಕದ ಭೂಮಿ ಯೋಜನೆಯ ಉದಾಹರಣೆ ಚೆನ್ನಾಗಿ ಒಪ್ಪುತ್ತದೆ. ಅದಕ್ಕೆ ಮೊದಲು ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿ, 2000ದ ದಶಕದ ಆರಂಭದಲ್ಲಿ ತಾಲ್ಲೂಕು ಕಚೇರಿಗಳ ಕಿಯೋಸ್ಕುಗಳಲ್ಲಿ 15 ರೂಪಾಯಿಗೆ ಪಹಣಿ ಕೊಡುವ ವ್ಯವಸ್ಥೆ ಬಂತು. ಕೀಲಿಮಣೆಯ ಮುಂದೆ ಕೂರುತ್ತಿದ್ದುದು ಕಚೇರಿಯ ಸಿಬ್ಬಂದಿ. ರೈತರು ಕೌಂಟರಿನ ಈಚೆ ನಿಲ್ಲುತ್ತಿದ್ದರು. ಆದರೂ ಅಲ್ಲಿ ಎರಡು ಪರದೆಗಳಿದ್ದವು: ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ಅರ್ಜಿ ಕೊಟ್ಟವರ ಕಡೆಗೆ. ತನ್ನ ಸರ್ವೆ ನಂಬರಿನ ಮೇಲೆ ಒಳಗೆ ಏನು ನಡೆಯುತ್ತಿದೆ ಎಂಬುದು ಹೊರಗೆ ನಿಂತವರಿಗೂ ಕಾಣುತ್ತಿತ್ತು. ಕಂಪ್ಯೂಟರನ್ನು ಮುಟ್ಟದ ವ್ಯಕ್ತಿಯನ್ನು ಬಳಕೆದಾರ ಎಂದು ಒಪ್ಪಿಕೊಂಡ ಮೇಲಷ್ಟೇ ಎರಡನೆಯ ಪರದೆಗೆ ದುಡ್ಡು ಖರ್ಚು ಮಾಡುವ ತೀರ್ಮಾನ ಸಾಧ್ಯ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವನ್ನೇ ಕಟ್ಟಿದ್ದೂ ಇದೇ ಬಗೆಯ ತೀರ್ಮಾನ. ಸರದಿ ತಪ್ಪಿಸುವ ಅವಕಾಶ ಪರದೆಯ ಮೇಲೆ ಇರಲಿಲ್ಲ.

ಎಂ-ಪೇಸಾದಲ್ಲಿಯೂ ಮೂರು ಬಗೆಯ ಬಳಕೆದಾರರಿದ್ದರು. ಹಣ ಕಳುಹಿಸುವವರು ಮತ್ತು ಪಡೆಯುವವರು ಒಂದು ಬಗೆ. ನಗದು ಕೊಡುವ ಅಂಗಡಿಯವರು ಇನ್ನೊಂದು ಬಗೆ. ಅವರ ಗಲ್ಲಾಪೆಟ್ಟಿಗೆಯಲ್ಲಿ ನೋಟು ಇಲ್ಲದಿದ್ದರೆ ಫೋನಿನಲ್ಲಿ ಎಷ್ಟಿದ್ದರೂ ಗಿರಾಕಿಗೆ ಸಿಗುವುದು ಶೂನ್ಯ. ಮೂರನೆಯವರು ಕಿರುಸಾಲ ಸಂಸ್ಥೆಯಲ್ಲಿ ಲೆಕ್ಕ ತಾಳೆ ನೋಡುವ ಗುಮಾಸ್ತರು. ಈ ಮೂರನೆಯವರ ಕಷ್ಟ ಎಷ್ಟು ದೊಡ್ಡದೆಂಬುದು ಮುಂದೆ ತಿಳಿಯಿತು.

ಹೀಗೆ ಕಂಡದ್ದನ್ನೆಲ್ಲ ಗುಡ್ಡೆ ಹಾಕಿಕೊಂಡ ಮೇಲೆ ಅದನ್ನು ಒಂದೆರಡು ವಾಕ್ಯಕ್ಕೆ ಇಳಿಸುವ ಕೆಲಸವಿದೆ. "ನಗರದಲ್ಲಿ ದುಡಿಯುವ ಮಗನಿಗೆ, ಊರಿನ ತಾಯಿಗೆ ಅವತ್ತೇ ಹಣ ತಲುಪಿಸಬೇಕಿದೆ, ಬಸ್ಸಿನವರ ಕೈಯಲ್ಲಿ ಕಳುಹಿಸಿದರೆ ತಲುಪುವ ಖಾತರಿಯಿಲ್ಲ" ಎಂಬಂಥ ವಾಕ್ಯ. ಇದರಲ್ಲಿ ಆ್ಯಪ್, ಬಟನ್, ಮೆನು ಯಾವುದರ ಮಾತೂ ಇಲ್ಲ ಎಂಬುದನ್ನು ಗಮನಿಸಬೇಕು. ಪರಿಹಾರವನ್ನು ಈ ವಾಕ್ಯದೊಳಗೇ ತುರುಕಿದರೆ ಬೇರೆ ಪರಿಹಾರಗಳು ಕಣ್ಣಿಗೆ ಬೀಳುವುದಿಲ್ಲ.

ಚುಕ್ಕಿ, ಗೆರೆ, ಬಣ್ಣ

ರಂಗೋಲಿಗೆ ಮೊದಲು ಚುಕ್ಕಿ, ಆಮೇಲೆ ಗೆರೆ, ಕೊನೆಗೆ ಬಣ್ಣ. ಪರದೆಯ ವಿನ್ಯಾಸವೂ ಇದೇ ಕ್ರಮದಲ್ಲಿ ನಡೆಯುತ್ತದೆ.

ಯಾವುದು ಎಲ್ಲಿರಬೇಕು ಎಂಬ ಏರ್ಪಾಡು ಚುಕ್ಕಿ ಇಡುವ ಕೆಲಸ. ಸೇವೆಗಳ ಹೆಸರನ್ನು ಸಣ್ಣ ಚೀಟಿಗಳ ಮೇಲೆ ಬರೆದು, ಬಳಕೆದಾರರ ಮುಂದೆ ಹರಡಿ, "ನಿಮಗೆ ಹೊಂದುವಂತೆ ಗುಂಪು ಮಾಡಿ" ಎನ್ನುವುದು ಇದಕ್ಕೆ ಬಳಸುವ ಹಳೆಯ ಉಪಾಯ. ಸರ್ಕಾರಿ ಜಾಲತಾಣಗಳು ಸಾಮಾನ್ಯವಾಗಿ ಇಲಾಖೆಗಳ ಹೆಸರಿನಲ್ಲಿ ವಿಂಗಡಣೆಯಾಗಿರುತ್ತವೆ. ಜನ ಮಾತ್ರ "ಮಗು ಹುಟ್ಟಿದೆ, ಏನೇನು ಮಾಡಿಸಬೇಕು?" ಎಂಬ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. 2012ರ ಅಕ್ಟೋಬರಿನಲ್ಲಿ ಗವ್.ಯುಕೆ ಶುರುವಾದಾಗ ಅದರ ಮುಖ್ಯ ಬದಲಾವಣೆ ಇದೇ ಆಗಿತ್ತು: ಇಲಾಖೆಯ ಬಾಗಿಲು ಹುಡುಕುವ ಕೆಲಸವನ್ನು ನಾಗರಿಕರ ತಲೆಯಿಂದ ಇಳಿಸುವುದು.

ಗೆರೆ ಎಂದರೆ ವೈರ್‌ಫ್ರೇಮ್. ಪರದೆಯ ಮೇಲೆ ಬರಹ ಎಲ್ಲಿ, ಚೌಕ ಎಲ್ಲಿ, ಬಟನ್ ಎಲ್ಲಿ ಎಂದು ಬಣ್ಣವಿಲ್ಲದ ಗೆರೆಗಳಲ್ಲಿ ತೋರಿಸುವ ಕರಡು ಚಿತ್ರವದು. ಬೇಕೆಂದೇ ಅದನ್ನು ಒರಟಾಗಿ ಬರೆಯುತ್ತಾರೆ. ಅಂದವಾಗಿದ್ದರೆ ನೋಡಿದವರು ನೀಲಿ ಬೇಡ, ಹಸಿರು ಹಾಕಿ ಎಂದು ಬಣ್ಣದ ಮಾತಿಗಿಳಿಯುತ್ತಾರೆ; ಕ್ರಮ ಸರಿಯೇ ಎಂದು ಯೋಚಿಸುವುದಿಲ್ಲ.

ಬಣ್ಣ ಮತ್ತು ಅಕ್ಷರದ ಹಂತದಲ್ಲಿ ಅಂದದ ಜೊತೆಗೆ ಅಳತೆಗಳೂ ಇವೆ. ಸಣ್ಣ ಅಕ್ಷರಕ್ಕೂ ಅದರ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1ರಷ್ಟು ಇರಬೇಕು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲೆ ತಿಳಿಬೂದು ಅಕ್ಷರ ಬಿಸಿಲಿನಲ್ಲಿ ಯಾರ ಕಣ್ಣಿಗೂ ಕಾಣದು. ಕನ್ನಡಕ್ಕೆ ಇನ್ನೊಂದು ಪ್ರತ್ಯೇಕ ಎಚ್ಚರ ಬೇಕು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಬಟನ್ನಿನಲ್ಲಿ "ಲಕ್ಷ್ಮಿ" ಎಂದು ಬರೆದರೆ ಕೆಳಗಿನ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ಇಂಗ್ಲಿಷಿನ ನಾಲ್ಕಕ್ಷರದ ಸೆಂಡ್ ಎಂಬ ಪದ ಕುಳಿತಿದ್ದ ಜಾಗದಲ್ಲಿ "ಕಳುಹಿಸಿ" ಹಿಡಿಸದೆ ಮುಂದಿನ ಸಾಲಿಗೆ ಮುರಿಯುತ್ತದೆ. ಇಂಗ್ಲಿಷಿನಲ್ಲಿ ಎಲ್ಲ ಮುಗಿಸಿ ಕೊನೆಗೆ ಕನ್ನಡ ತುಂಬಿದ ಆ್ಯಪುಗಳನ್ನು ಈ ಗಾಯದ ಗುರುತುಗಳಿಂದಲೇ ಪತ್ತೆ ಹಚ್ಚಬಹುದು.

ಹೆಸರಿನ ಚೌಕ ಇನ್ನೊಂದು ಫಜೀತಿ. ಹಳೆಯ ಮೈಸೂರು ಸೀಮೆಯ ಬಹಳ ಮಂದಿಗೆ ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್ ಇರುತ್ತದೆಯೇ ಹೊರತು ಮನೆತನದ ಹೆಸರು ಇರುವುದಿಲ್ಲ. ಒಂದು ಅರ್ಜಿ ತುಂಬುವಾಗ "ಕೊನೆಯ ಹೆಸರು ಕಡ್ಡಾಯ" ಎಂದು ಪರದೆ ಹಟ ಹಿಡಿದದ್ದರಿಂದ ನಮ್ಮ ತಂದೆಯವರ ಹೆಸರಿನ ಮುಂದೆ ನಾನು ಒಂದು ಚುಕ್ಕಿ ಇಟ್ಟು ಮುಂದಕ್ಕೆ ಹೋದೆ. ಪ್ರಿಂಟಾಗಿ ಬಂದ ಕಾರ್ಡಿನಲ್ಲಿ ಆ ಚುಕ್ಕಿ ಜಾಗ ಬಿಟ್ಟುಕೊಂಡು ಗಂಭೀರವಾಗಿ ಕುಳಿತಿತ್ತು. ಪೂರ್ತಿ ಹೆಸರಿಗೆ ಒಂದೇ ಚೌಕ ಇಟ್ಟಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಮಾದರಿ: ಹೊಲಿಯುವ ಮೊದಲು ತೊಡಿಸಿ ನೋಡುವುದು

ದರ್ಜಿಯವರು ಬೆಲೆಬಾಳುವ ಬಟ್ಟೆಗೆ ಮೊದಲು ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಿ, ಆಮೇಲೆ ಮಿಷಿನ್ನಿಗೆ ಕೊಡುತ್ತಾರೆ. ಆ ಕಚ್ಚಾ ಹೊಲಿಗೆಗೆ ಈ ಕ್ಷೇತ್ರದಲ್ಲಿ ಪ್ರೊಟೊಟೈಪ್, ಅಂದರೆ ಮಾದರಿ ಎಂದು ಹೆಸರು. ಅದು ನಿಜವಾಗಿ ಕೆಲಸ ಮಾಡಬೇಕಾಗಿಲ್ಲ. ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು.

1990ರ ದಶಕದಲ್ಲಿ ಪಾಮ್ ಪೈಲಟ್ ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿದ ಜೆಫ್ ಹಾಕಿನ್ಸ್ ಮೊದಲು ಮಾಡಿಕೊಂಡದ್ದು ಅಂಗಿಯ ಜೇಬಿಗೆ ಹಿಡಿಸುವ ಒಂದು ಮರದ ತುಂಡು. ಬರೆಯುವ ಕಡ್ಡಿಯಾಗಿ ಚಾಪ್‌ಸ್ಟಿಕ್ಕನ್ನು ಕೆತ್ತಿ ಇಟ್ಟುಕೊಂಡಿದ್ದರು. ಸಭೆಯಲ್ಲಿ ಯಾರಾದರೂ ದಿನಾಂಕ ಕೇಳಿದರೆ ಆ ಮರದ ತುಂಡನ್ನು ಜೇಬಿನಿಂದ ತೆಗೆದು ಅದರ ಮೇಲೆ ಬರೆದಂತೆ ನಟಿಸುತ್ತಿದ್ದರು. ಹುಚ್ಚಾಟದಂತೆ ಕಂಡರೂ, ಇಂಥದ್ದನ್ನು ದಿನವಿಡೀ ಜೇಬಿನಲ್ಲಿ ಹೊರಲು ಸಾಧ್ಯವೇ, ನಾನು ಇದನ್ನು ಯಾವಾಗ ಕೈಗೆತ್ತಿಕೊಳ್ಳುತ್ತೇನೆ ಎಂಬ ಎರಡು ಪ್ರಶ್ನೆಗಳಿಗೆ ಒಂದು ಸಾಲು ಕೋಡೂ ಇಲ್ಲದೆ ಉತ್ತರ ಸಿಕ್ಕಿತು. 1996ರಲ್ಲಿ ಮಾರುಕಟ್ಟೆಗೆ ಬಂದ ಯಂತ್ರ ಜೇಬಿಗೆ ಹಿಡಿಸುವಂತೆಯೇ ಇತ್ತು.

ಇನ್ನೊಂದು ಉಪಾಯ ನಮ್ಮ ಗೊಂಬೆಯಾಟವನ್ನು ನೆನಪಿಸುತ್ತದೆ. ಮಾತನಾಡಿದ್ದನ್ನು ತಾನೇ ಟೈಪ್ ಮಾಡುವ ಯಂತ್ರ ಜನರಿಗೆ ಇಷ್ಟವಾಗಬಹುದೇ ಎಂದು ತಿಳಿಯಲು ಗೌಲ್ಡ್ ಅವರ ತಂಡ ಒಂದು ಪ್ರಯೋಗ ನಡೆಸಿ 1983ರಲ್ಲಿ ವರದಿ ಪ್ರಕಟಿಸಿತು. ಆಗ ಅಂಥ ಯಂತ್ರ ಇರಲೇ ಇಲ್ಲ. ಬಳಕೆದಾರರು ಮೈಕಿನಲ್ಲಿ ಮಾತನಾಡುತ್ತಿದ್ದರು, ಪರದೆಯ ಮೇಲೆ ಅಕ್ಷರಗಳು ಮೂಡುತ್ತಿದ್ದವು. ಪಕ್ಕದ ಕೋಣೆಯಲ್ಲಿ ನುರಿತ ಬೆರಳಚ್ಚುಗಾರರೊಬ್ಬರು ಕೇಳಿಸಿಕೊಂಡು ಟೈಪ್ ಮಾಡುತ್ತಿದ್ದರು. ವರ್ಷಗಟ್ಟಲೆ ಹಣ ಸುರಿದು ಯಂತ್ರ ಕಟ್ಟುವ ಮೊದಲೇ ಜನ ಅದನ್ನು ಹೇಗೆ ಬಳಸಿಯಾರು ಎಂಬ ಚಿತ್ರ ಸಿಕ್ಕಿತು.

ಪರೀಕ್ಷೆಯ ಕೋಣೆಯಲ್ಲಿ

ಮಾದರಿ ಸಿದ್ಧವಾದ ಮೇಲೆ ಅದನ್ನು ನಿಜವಾದ ಬಳಕೆದಾರರ ಕೈಯಲ್ಲಿ ಇಡಬೇಕು. ಬಳಕೆದಾರರ ಪರೀಕ್ಷೆ ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಅದಕ್ಕೇ ನಡೆಸಿಕೊಡುವವರು ಮೊದಲ ಮಾತಿನಲ್ಲೇ, "ಪರೀಕ್ಷೆ ನಿಮಗಲ್ಲಮ್ಮ, ಈ ಆ್ಯಪಿಗೆ. ನಿಮಗೆ ಎಲ್ಲಿ ಗೊಂದಲವಾಗುತ್ತದೋ ಅದೇ ನಮಗೆ ಬೇಕಾದದ್ದು" ಎಂದು ಹೇಳುತ್ತಾರೆ. ಆಮೇಲೆ ಒಂದು ಸನ್ನಿವೇಶ ಕೊಡುತ್ತಾರೆ: "ನಿಮ್ಮ ಮಗಳು ಹಾಸ್ಟೆಲಿನಲ್ಲಿದ್ದಾಳೆ, ಪುಸ್ತಕಕ್ಕೆ 500 ರೂಪಾಯಿ ಬೇಕಂತೆ. ಕಳುಹಿಸಿ." ಮೇಲಿನ ಬಲಗಡೆಯ ಬಟನ್ ಒತ್ತಿ ಎಂದು ಹೇಳಿದರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು.

ಮುಂದಿನದೆಲ್ಲ ಮೌನ, ಮತ್ತು ಆ ಮೌನ ಬಹಳ ಕಷ್ಟದ್ದು. ಬಳಕೆದಾರರ ಬೆರಳು ಪರದೆಯ ಮೇಲೆ ಒಂದಂಗುಲ ಎತ್ತರದಲ್ಲಿ ನಿಂತುಬಿಡುತ್ತದೆ. ಕೆಳಗೆ ಇನ್ನೂ ಇದೆ ಎಂದು ಗೊತ್ತಾಗದೆ ಅವರು ಸ್ಕ್ರಾಲ್ ಮಾಡುವುದಿಲ್ಲ. ಅದನ್ನು ವಿನ್ಯಾಸ ಮಾಡಿದವರು ಹಿಂದೆ ಕುಳಿತು, ಬಾಯಿಗೆ ಬಂದ "ಕೆಳಗೆ, ಕೆಳಗೆ" ಎಂಬ ಮಾತನ್ನು ನುಂಗಿಕೊಳ್ಳುತ್ತಾರೆ. ಆ ಕ್ಷಣದ ಸಂಕಟವೇ ಮರುದಿನ ಬಟನ್ನಿನ ಜಾಗ ಬದಲಾಗಲು ಕಾರಣವಾಗುತ್ತದೆ.

ಎಷ್ಟು ಜನರ ಮೇಲೆ ಪರೀಕ್ಷಿಸಬೇಕು? ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಹಲವು ಯೋಜನೆಗಳ ಅಂಕಿಅಂಶ ನೋಡಿ, ಒಬ್ಬ ಬಳಕೆದಾರರಿಂದ ಸರಾಸರಿ 31% ತೊಡಕುಗಳು ಬೆಳಕಿಗೆ ಬರುತ್ತವೆ ಎಂದು ಲೆಕ್ಕ ಹಾಕಿದರು. ಎರಡನೆಯವರು ಎಡವುವ ಜಾಗಗಳಲ್ಲಿ ಕೆಲವು ಮೊದಲನೆಯವರು ಎಡವಿದ ಜಾಗಗಳೇ ಆಗಿರುತ್ತವೆ. ಹೀಗೆ ಲೆಕ್ಕ ಮುಂದುವರಿಸಿದರೆ ಐವರು ಮುಗಿಯುವ ಹೊತ್ತಿಗೆ ಸುಮಾರು 85% ತೊಡಕುಗಳು ಸಿಕ್ಕಿರುತ್ತವೆ. 15 ಜನರನ್ನು ಒಂದೇ ಸಲ ಕೂರಿಸುವ ಬದಲು ಐವರಂತೆ ಮೂರು ಸಲ, ನಡುನಡುವೆ ತಿದ್ದುತ್ತ ಪರೀಕ್ಷಿಸಿ ಎಂಬ ನೀಲ್ಸನ್ನರ ಸಲಹೆ ಬಂದದ್ದು ಈ ಲೆಕ್ಕದಿಂದ. ಇದಕ್ಕೆ ಒಂದು ಷರತ್ತಿದೆ: ಐವರೂ ಒಂದೇ ಬಗೆಯ ಬಳಕೆದಾರರಾಗಿರಬೇಕು. ಐದು ಜನ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೂರಿಸಿ ಪಿಂಚಣಿದಾರರ ಆ್ಯಪನ್ನು ಪರೀಕ್ಷಿಸಿದರೆ ಏನೂ ಸಿಗದು. ಕಣ್ಣು ಕಾಣದವರು ಪರದೆಯನ್ನು ಓದಿಸಿಕೊಂಡು ಬಳಸುವಾಗ ಬಟನ್ನುಗಳಿಗೆ ಹೆಸರಿದೆಯೇ ಎಂಬುದನ್ನೂ ಇದೇ ಹಂತದಲ್ಲಿ ಅವರ ಜೊತೆಗೇ ಕುಳಿತು ನೋಡಬೇಕು.

ಕಟ್ಟುವ ಹಂತ

ಕೋಡ್ ಬರೆಯುವ ಕೆಲಸದಲ್ಲಿ ಎರಡು ಭಾಗಗಳಿವೆ. ಹೋಟೆಲಿನಲ್ಲಿ ನಾವು ಕೂರುವ ಹಾಲ್ ಮತ್ತು ಹಿಂದಿನ ಅಡುಗೆಮನೆ ಇದ್ದಂತೆ, ಕಣ್ಣಿಗೆ ಕಾಣುವ ಪರದೆಗಳದ್ದು ಒಂದು ಭಾಗ, ಮಾಹಿತಿ ಕೂಡಿಟ್ಟು ಲೆಕ್ಕ ನೋಡುವ ಸರ್ವರಿನದು ಇನ್ನೊಂದು. ಎಲ್ಲವನ್ನೂ ಒಂದೇ ಸಲ ಕಟ್ಟದೆ, ಮೊದಲು ಒಂದು ಕೋಣೆ, ಒಲೆ, ಬಚ್ಚಲು ಮಾಡಿಕೊಂಡು ವಾಸಕ್ಕೆ ಬಂದು ಉಳಿದದ್ದನ್ನು ಆಮೇಲೆ ಕಟ್ಟಿಸುವವರಂತೆ, ಬಳಸಲು ಸಾಧ್ಯವಾಗುವ ಅತಿ ಚಿಕ್ಕ ರೂಪವನ್ನು ಮೊದಲು ಮುಗಿಸುತ್ತಾರೆ. ಎರಡು ವಾರದಂಥ ಸಣ್ಣ ಕಂತುಗಳಲ್ಲಿ, ಪ್ರತಿ ಕಂತಿನ ಕೊನೆಗೆ ಏನಾದರೊಂದು ನಡೆಯುವ ಸ್ಥಿತಿಯಲ್ಲಿರುವಂತೆ ಕೆಲಸ ಸಾಗುತ್ತದೆ.

ಇದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಆರೋಗ್ಯ ವಿಮೆಯ ಜಾಲತಾಣ ಹೆಲ್ತ್‌ಕೇರ್.ಗವ್ ಸಾಕ್ಷಿ. 2013ರ ಅಕ್ಟೋಬರ್ 1ರಂದು ಅದು ತೆರೆದಾಗ ಮೊದಲ ದಿನ ಕೊನೆಯ ಹೆಜ್ಜೆಯವರೆಗೆ ಹೋಗಿ ವಿಮೆಗೆ ಸೇರಿಕೊಳ್ಳಲು ಸಾಧ್ಯವಾದದ್ದು ಆರೇ ಮಂದಿಗೆ. ವಿಮೆಗಳ ಬೆಲೆ ನೋಡಲು ಬಂದವರೂ ಮೊದಲು ಖಾತೆ ತೆರೆಯಲೇಬೇಕೆಂದು ಕಡೆಗಳಿಗೆಯಲ್ಲಿ ನಿರ್ಧಾರವಾದ್ದರಿಂದ ಎಲ್ಲರೂ ಒಂದೇ ಬಾಗಿಲಿನಲ್ಲಿ ಸಿಕ್ಕಿಕೊಂಡರು. ಸೀರೆ ನೋಡುವ ಮೊದಲೇ ಬಿಲ್ಲಿಗೆ ಹೆಸರು ವಿಳಾಸ ಬರೆಸಬೇಕೆಂದರೆ ಯಾವ ಅಂಗಡಿಯ ಮುಂದೆಯೂ ಸಾಲು ಬೆಳೆಯುತ್ತದೆ. ಮೊದಲಿನಿಂದ ಕೊನೆಯವರೆಗೆ ಇಡೀ ವ್ಯವಸ್ಥೆಯನ್ನು ಜೋಡಿಸಿ ಪರೀಕ್ಷಿಸಿದ್ದು ಕೊನೆಯ ಎರಡು ವಾರಗಳಲ್ಲಿ ಮಾತ್ರ ಎಂದು ಅದನ್ನು ಕಟ್ಟಿದ ಗುತ್ತಿಗೆ ಕಂಪನಿಗಳೇ ಅಮೆರಿಕದ ಸಂಸತ್ತಿನ ಮುಂದೆ ಹೇಳಿದವು.

ಸ್ವಲ್ಪ ಜನರಿಗೆ ಮೊದಲು

ಎಂ-ಪೇಸಾದ ತಂಡ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡಿತ್ತು. 2005ರ ಅಕ್ಟೋಬರಿನಲ್ಲಿ ನೈರೋಬಿ ಮತ್ತು ಥಿಕಾ ಪಟ್ಟಣದಲ್ಲಿ, ಎಂಟು ಅಂಗಡಿಗಳ ಮೂಲಕ, ಫೌಲು ಎಂಬ ಕಿರುಸಾಲ ಸಂಸ್ಥೆಯ ಸುಮಾರು 500 ಗ್ರಾಹಕರಿಗೆ ಮಾತ್ರ ಸೇವೆಯನ್ನು ಕೊಟ್ಟರು. ಪೈಲಟ್ ಎಂದು ಕರೆಯುವುದು ಇದನ್ನೇ. ಪಾತ್ರೆಯಷ್ಟೂ ಸಾರನ್ನು ಬಡಿಸುವ ಮೊದಲು ಅಂಗೈಗೆ ಒಂದು ಹನಿ ಹಾಕಿಕೊಂಡು ಉಪ್ಪು ನೋಡುವ ಹಂತ.

ಉಪ್ಪು ಬೇರೆಯೇ ಇತ್ತು. ಸಾಲದ ಕಂತು ಕಟ್ಟಲೆಂದು ಕೊಟ್ಟದ್ದನ್ನು ಜನ ತಮಗೆ ಬೇಕಾದುದಕ್ಕೆಲ್ಲ ಬಳಸಿದರು. ಒಂದು ಊರಿನಲ್ಲಿ ನಗದು ತುಂಬಿ, ಪ್ರಯಾಣ ಮಾಡಿ, ಇನ್ನೊಂದು ಊರಿನಲ್ಲಿ ಬಿಡಿಸಿಕೊಂಡರು. ದಾರಿಯಲ್ಲಿ ಕಳ್ಳರ ಭಯವಿರಲಿಲ್ಲ. ಬ್ಯಾಂಕು ಮುಚ್ಚಿದ ಮೇಲೆ ಕೈಯಲ್ಲಿ ಉಳಿದ ವ್ಯಾಪಾರದ ಹಣವನ್ನು ರಾತ್ರಿಯ ಮಟ್ಟಿಗೆ ಫೋನಿನಲ್ಲಿ ಇಟ್ಟವರಿದ್ದರು. ಊರಿನ ನೆಂಟರ ಫೋನಿಗೆ ಕರೆನ್ಸಿ ಹಾಕಿಕೊಟ್ಟರು. ಒಬ್ಬರು ಮಾಡಿಕೊಟ್ಟ ಕೆಲಸಕ್ಕೆ ಪ್ರತಿಯಾಗಿ ಇನ್ನೊಬ್ಬರು ಅವರ ಸಾಲದ ಕಂತು ಕಟ್ಟಿದರು. ಇತ್ತ ಯಾವ ಕೆಲಸಕ್ಕಾಗಿ ಇದನ್ನು ಕಟ್ಟಿದರೋ ಅದೇ ತೊಡಕಾಗಿತ್ತು: ಫೋನಿನಲ್ಲೇ ಕಂತು ಕಟ್ಟಬಹುದೆಂದ ಮೇಲೆ ಗುಂಪಿನ ಸಭೆಗೆ ಬರುವ ಅಗತ್ಯವೇ ಸಡಿಲವಾಯಿತು, ಕಿರುಸಾಲದ ಶಿಸ್ತು ನಿಂತಿದ್ದುದು ಆ ಸಭೆಯ ಮೇಲೆಯೇ. ಕಚೇರಿಯ ಗುಮಾಸ್ತರಿಗೆ ಫೋನಿನ ಲೆಕ್ಕವನ್ನೂ ಪುಸ್ತಕದ ಲೆಕ್ಕವನ್ನೂ ತಾಳೆ ಹಾಕುವುದು ಭಾರವಾಯಿತು.

ಇಲ್ಲಿ ಹಟ ಹಿಡಿದಿದ್ದರೆ ಎಂ-ಪೇಸಾ ಇನ್ನೊಂದು ಮರೆತುಹೋದ ಯೋಜನೆಯಾಗುತ್ತಿತ್ತು. ತಂಡ ಕಿರುಸಾಲದ ಭಾಗವನ್ನೇ ಕೈಬಿಟ್ಟಿತು. 2007ರ ಮಾರ್ಚಿನಲ್ಲಿ ವೊಡಾಫೋನಿನ ಪಾಲು ಇರುವ ಕೆನ್ಯಾದ ಮೊಬೈಲ್ ಕಂಪನಿ ಸಫಾರಿಕಾಮ್ ಇಡೀ ದೇಶಕ್ಕೆ ಸೇವೆಯನ್ನು ತೆರೆದಾಗ ಅದರ ಘೋಷವಾಕ್ಯ ಇದ್ದದ್ದು ಇಷ್ಟೇ: ಮನೆಗೆ ಹಣ ಕಳುಹಿಸಿ. ಆ ವರ್ಷ ಮುಗಿಯುವುದರೊಳಗೆ 10 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು.

ಬಿಡುಗಡೆಯ ಮರುದಿನದಿಂದ

ಬಿಡುಗಡೆಯಾದ ಮೇಲೆ ನೋಡುವ ಕೆಲಸ ಮತ್ತೆ ಶುರುವಾಗುತ್ತದೆ, ಆದರೆ ಕಣ್ಣು ಬೇರೆ. ಅರ್ಜಿ ಶುರುಮಾಡಿದವರಲ್ಲಿ ಎಷ್ಟು ಜನ ಮುಗಿಸಿದರು, ಯಾವ ಪರದೆಯಲ್ಲಿ ಹೆಚ್ಚು ಮಂದಿ ಬಿಟ್ಟುಹೋದರು ಎಂಬುದನ್ನು ಅಂಕಿಗಳು ತೋರಿಸುತ್ತವೆ. ಏಕೆ ಬಿಟ್ಟುಹೋದರು ಎಂದು ಅಂಕಿಗಳು ಹೇಳುವುದಿಲ್ಲ. ಅದಕ್ಕೆ ಸಹಾಯವಾಣಿಗೆ ಬರುವ ಕರೆಗಳನ್ನು ಕೇಳಬೇಕು, ಬಿಟ್ಟುಹೋದವರ ಬಳಿ ಹೋಗಿ ಕೂರಬೇಕು.

ಫೋನಿನಲ್ಲಿ ಹಣ ಕಳುಹಿಸುವ ಯಾವ ಸೇವೆಯಲ್ಲೂ ತಪ್ಪದೆ ಎದುರಾಗುವ ತೊಡಕೆಂದರೆ ತಪ್ಪು ನಂಬರು. ಹತ್ತು ಅಂಕಿಗಳಲ್ಲಿ ಒಂದು ಅದಲುಬದಲಾದರೆ ಹಣ ಅಪರಿಚಿತರಿಗೆ ಹೋಗುತ್ತದೆ. ಜಾಗ್ರತೆಯಿಂದ ಒತ್ತಿ ಎಂದು ಎಚ್ಚರಿಕೆ ಬರೆದು ಕೈತೊಳೆದುಕೊಳ್ಳುವುದು ಸುಲಭದ ದಾರಿ. ಬಿಡುಗಡೆಯಾಗಿ ಹಲವು ವರ್ಷಗಳಾದ ಮೇಲೆ ಸಫಾರಿಕಾಮ್ "ಹಕಿಕಿಶಾ" ಎಂಬ ಸೌಲಭ್ಯವನ್ನು ಸೇರಿಸಿತು. ಸ್ವಾಹಿಲಿಯಲ್ಲಿ ಅದರ ಅರ್ಥ ಖಚಿತಪಡಿಸಿಕೊ ಎಂದು. ಹಣ ಯಾರ ಹೆಸರಿಗೆ ಹೋಗುತ್ತಿದೆ ಎಂದು ತೋರಿಸಿ, ತಪ್ಪಿದ್ದರೆ ನಿಲ್ಲಿಸಲು ಕೆಲವು ಸೆಕೆಂಡುಗಳನ್ನು ಅದು ಕೊಡುತ್ತದೆ. ನಮ್ಮ ಯುಪಿಐ ಆ್ಯಪುಗಳೂ ಪಿನ್ ಕೇಳುವ ಮೊದಲು ಹೆಸರನ್ನು ತೋರಿಸುತ್ತವೆ. ಸೊಪ್ಪಿನ ಗಾಡಿಯ ಮುಂದೆ ಕೋಡ್ ಸ್ಕ್ಯಾನ್ ಮಾಡಿ, "ನಾಗರತ್ನಮ್ಮ ಅಂತ ಬರ್ತಿದೆ, ಸರೀನಾ?" ಎಂದು ಗಿರಾಕಿ ಕೇಳುತ್ತಾರೆ. "ಹ್ಞೂಂ, ನಮ್ಮಮ್ಮಂದೇ, ಹಾಕಿ" ಎಂದು ಗಾಡಿಯ ಹುಡುಗ ಕೊತ್ತಂಬರಿ ಕಟ್ಟಿನ ನೀರು ಕೊಡವುತ್ತಾನೆ.